ರಾತ್ರಿಯ ಸರದಿ ಯಾರದು? ಬೇಸಾಯಗಾರರ ರೇಡಿಯೋವಿನ ಒಂದು ವ್ಯಾಜ್ಯ

ಕೆರೆಯಲ್ಲಿ ನೀರು ಸಾಲದ ವರ್ಷಗಳಲ್ಲಿ ಹಗಲಿನ ಸರದಿಗಿಂತ ರಾತ್ರಿಯ ಸರದಿಯೇ ಹೆಚ್ಚಿನ ವ್ಯಾಜ್ಯಕ್ಕೆ ಕಾರಣವಾಗುವುದೆಂಬುದನ್ನು ಗ್ರಾಮದ ಮುಖಂಡರಿಗೂ ಹಿಡುವಳಿದಾರರಿಗೂ ಹೊಸದಾಗಿ ತಿಳಿಸಬೇಕಾದುದಿಲ್ಲ. ಹಗಲಿನಲ್ಲಿ ಹರಿಯುವ ನೀರು ಯಾರ ಗದ್ದೆಗೆ ಹೋಗುವುದೆಂಬುದು ನಾಲ್ಕು ಜನರ ಕಣ್ಣಿಗೆ ಕಾಣುತ್ತದೆ. ರಾತ್ರಿ ಹಾಗಲ್ಲ. ತೂಬಿನ ಹತ್ತಿರದವನು ಮಡೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡರೆ ಕೊನೆಯ ಗದ್ದೆಯವನಿಗೆ ತಿಳಿಯುವುದು ಬೆಳಗಾದ ಮೇಲೆಯೇ. ಇದೇ ಬಗೆಯ ವ್ಯಾಜ್ಯವು ಕಣ್ಣಿಗೆ ಕಾಣದ ಇನ್ನೊಂದು ವಸ್ತುವಿನ ವಿಷಯದಲ್ಲಿ, ಎಂದರೆ ರೇಡಿಯೋವಿನ ಅಲೆಗಳ ವಿಷಯದಲ್ಲಿ, ನಡೆದುದುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬಹುಮಟ್ಟಿಗೆ ಬೇಸಾಯಗಾರರ ಉಪಯೋಗಕ್ಕಾಗಿಯೇ ನಡೆಯುತ್ತಿದ್ದ ಎರಡು ಬಾನುಲಿ ಕೇಂದ್ರಗಳು, ಸೂರ್ಯಾಸ್ತವಾದ ಮೇಲೆ ಮಾತನಾಡುವ ಅಧಿಕಾರ ತಮಗೂ ಬೇಕೆಂದು ಬಹುಕಾಲ ಹೋರಾಡಿದುವು. ಆ ಎರಡರಲ್ಲಿ ಒಂದು ಅಲ್ಲಿನ ಸರ್ಕಾರದ ಕೃಷಿ ಮತ್ತು ಮಾರುಕಟ್ಟೆ ಇಲಾಖೆಯದೇ ಆಗಿದ್ದಿತು. ಕೃಷಿ ಇಲಾಖೆಯ ಪತ್ರಿಕೆಯಲ್ಲಿ ಈ ವೃತ್ತಾಂತಕ್ಕೆ ಸ್ಥಳವುಂಟೆಂದು ನಾನು ಭಾವಿಸಿರುವುದು ಅದರಿಂದಲೇ.

ವಿಸ್ಕಾನ್ಸಿನ್ ರಾಜ್ಯವು ಹೈನಿನ ಸೀಮೆ. ಹಾಲು, ಬೆಣ್ಣೆ, ಗಿಣ್ಣು ಇವುಗಳಿಗೆ ಅದು ಆ ದೇಶದಲ್ಲಿ ಹೆಸರಾದುದು. ಅದರ ರಾಜಧಾನಿಯಾದ ಮ್ಯಾಡಿಸನ್ ನಗರದ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅರ್ಲ್ ಟೆರಿ ಎಂಬವರ ಪ್ರಯೋಗಶಾಲೆಯಿಂದ 1916ರಲ್ಲಿಯೇ ಹವಾಮಾನದ ವರದಿಯನ್ನು ತಂತಿಯಿಲ್ಲದ ಟೆಲಿಗ್ರಾಫಿನ ಸಂಕೇತಗಳಲ್ಲಿ ಕಳುಹಿಸಲಾಗುತ್ತಿತ್ತು. 1921ರ ಜನವರಿಯಿಂದ ಅದೇ ವರದಿಯನ್ನು ಮನುಷ್ಯನ ಧ್ವನಿಯಲ್ಲಿ ಪ್ರತಿದಿನವೂ ಹೇಳತೊಡಗಿದರು. ಸಂಕೇತ ಬಲ್ಲವರು ಹಳ್ಳಿಗಳಲ್ಲಿ ವಿರಳ. ಮಾತಾದರೆ ಕಿವಿಯುಳ್ಳ ಎಲ್ಲರಿಗೂ ಸಲ್ಲುತ್ತದೆ. ಈ ಕೇಂದ್ರವೇ 1922ರಲ್ಲಿ ಡಬ್ಲ್ಯು.ಎಚ್.ಎ. ಎಂಬ ಹೆಸರನ್ನು ಪಡೆಯಿತು. ಎರಡನೆಯದು ಡಬ್ಲ್ಯು.ಎಲ್.ಬಿ.ಎಲ್. ಎಂಬುದು, ಸ್ಟೀವನ್ಸ್ ಪಾಯಿಂಟ್ ಎಂಬ ಊರಿನಿಂದ ಪೇಟೆಯ ಧಾರಣೆಗಳನ್ನೂ ಹವಾಮಾನವನ್ನೂ ಹೇಳಲು ಇಲಾಖೆಯವರು ನಡೆಸುತ್ತಿದ್ದುದು. ಆಲೂಗಡ್ಡೆಯನ್ನೋ ದನವನ್ನೋ ಗಾಡಿಗೆ ಹೇರುವುದಕ್ಕೆ ಮುಂಚೆ ಪಟ್ಟಣದ ಧಾರಣೆ ರೈತನಿಗೆ ಗೊತ್ತಿದ್ದರೆ ದಲ್ಲಾಳಿಯ ಮಾತು ಅಷ್ಟಾಗಿ ನಡೆಯುವುದಿಲ್ಲ. ಇದನ್ನು ನಮ್ಮ ವಾಚಕರಿಗೆ ವಿವರಿಸುವುದು ಅನಾವಶ್ಯಕ.

ಇನ್ನು ರಾತ್ರಿಗೂ ಹಗಲಿಗೂ ಈ ವಿಷಯದಲ್ಲಿ ಇರುವ ವ್ಯತ್ಯಾಸವನ್ನು ಹೇಳಬೇಕು. ಇದನ್ನು ಅರಿಯದಿದ್ದರೆ ವ್ಯಾಜ್ಯದ ಮೂಲವೇ ತಿಳಿಯದು. ಮಧ್ಯಮ ತರಂಗದ ರೇಡಿಯೋ ಅಲೆಯು ಪ್ರೇಷಕ ಕಂಬದಿಂದ ಎರಡು ದಾರಿಗಳಲ್ಲಿ ಹೊರಡುತ್ತದೆ. ಒಂದು ನೆಲವನ್ನು ಅನುಸರಿಸಿ ಹೋಗುವುದು. ಇನ್ನೊಂದು ಆಕಾಶದ ಕಡೆಗೆ ಏರುವುದು. ನೆಲದಿಂದ ಸುಮಾರು 60ರಿಂದ 90 ಕಿಲೋಮೀಟರುಗಳ ಎತ್ತರದಲ್ಲಿ, ಸೂರ್ಯನ ಕಿರಣಗಳ ಶಕ್ತಿಯಿಂದ ವಿದ್ಯುದಂಶವನ್ನು ಹೊಂದಿದ ಒಂದು ಪದರವು ಹಗಲಿನಲ್ಲಿ ಏರ್ಪಡುತ್ತದೆ. ಮೇಲಕ್ಕೆ ಹೋದ ಅಲೆಯನ್ನು ಈ ಪದರವು ನುಂಗಿಬಿಡುತ್ತದೆ. ಆದುದರಿಂದ ಹಗಲಿನಲ್ಲಿ ಒಂದು ಕೇಂದ್ರದ ಧ್ವನಿಯು ನೆಲದ ದಾರಿಯಲ್ಲಿ ಹೋಗುವಷ್ಟು ದೂರ ಮಾತ್ರ ಕೇಳುತ್ತದೆ. ಸೂರ್ಯನು ಮುಳುಗಿದ ಮೇಲೆ ಈ ಪದರವು ಕರಗಿಹೋಗುತ್ತದೆ. ಅದಕ್ಕಿಂತ ಎತ್ತರದಲ್ಲಿರುವ ಬೇರೆ ಪದರಗಳು ರಾತ್ರಿಯೂ ಉಳಿದು, ಏರಿಬಂದ ಅಲೆಯನ್ನು ಕನ್ನಡಿಯು ಬೆಳಕನ್ನು ತಿರುಗಿಸುವಂತೆ ಪುನಃ ನೆಲಕ್ಕೆ ತಿರುಗಿಸುತ್ತವೆ. ಹೀಗಾಗಿ ಹಗಲಿನಲ್ಲಿ 80 ಮೈಲಿ ಹೋಗಲಾರದ ಧ್ವನಿಯು ರಾತ್ರಿ 800 ಮೈಲಿಯಾಚೆಗೆ ಕೇಳುವುದುಂಟು. ಹಳೆಯ ರೇಡಿಯೋ ಪೆಟ್ಟಿಗೆಯ ಮುಳ್ಳನ್ನು ಸಂಜೆಯ ಮೇಲೆ ತಿರುಗಿಸಿದವರಿಗೆ ಅರಿಯದ ಭಾಷೆಗಳು ಬಂದು ಹೋಗುವುದರ ಅನುಭವವು ಇದ್ದೇ ಇರುತ್ತದೆ.

ದೂರ ಕೇಳುವುದು ಒಳ್ಳೆಯದೇ ಅಲ್ಲವೆ ಎಂದು ಕೇಳಬಹುದು. ಒಂದು ಅಲೆಯ ಮೇಲೆ ಒಂದೇ ಕೇಂದ್ರವಿದ್ದರೆ ಒಳ್ಳೆಯದೇ. ಅದೇ ಅಲೆಯ ಮೇಲೆ ಬೇರೆ ಊರಿನಲ್ಲಿ ಇನ್ನೊಂದು ಕೇಂದ್ರವಿದ್ದರೆ, ಹಗಲಿನಲ್ಲಿ ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ಇದ್ದು, ರಾತ್ರಿ ಎರಡರ ಧ್ವನಿಗಳೂ ನಡುವಿನ ಸೀಮೆಯಲ್ಲಿ ಬೆರೆತು, ಕಿವಿಗೆ ಚುಚ್ಚುವ ಒಂದು ಸಿಳ್ಳು ಮಾತ್ರ ಉಳಿಯುತ್ತದೆ. ಡಬ್ಲ್ಯು.ಎಚ್.ಎ. ಕೇಂದ್ರಕ್ಕೆ ಕೊಟ್ಟಿದ್ದ 940 ಕಿಲೋಸೈಕಲ್ ಅಲೆಯ ಮೇಲೆ (1941ರಿಂದ ಅದು 970 ಆಯಿತು, ಕಿಲೋಸೈಕಲ್ಲನ್ನು ಈಗ ಕಿಲೋಹರ್ಟ್ಸ್ ಎನ್ನುತ್ತಾರೆ) ಕೆಂಟಕಿ ರಾಜ್ಯದ ಲೂಯಿವಿಲ್ಲಿನಲ್ಲಿಯೂ ಉತ್ತರ ಡಕೋಟದ ಫಾರ್ಗೊವಿನಲ್ಲಿಯೂ ಕೇಂದ್ರಗಳಿದ್ದುವು. ಅವು ರಾತ್ರಿಯೂ ನಡೆಯುವ ಅಧಿಕಾರವುಳ್ಳವು. ಆದುದರಿಂದ ಮ್ಯಾಡಿಸನ್ನಿನವರು ಸೂರ್ಯಾಸ್ತಕ್ಕೆ ಬಾಯಿ ಮುಚ್ಚತಕ್ಕದ್ದೆಂದು ವಿಧಿಯಾಯಿತು. ಸ್ಟೀವನ್ಸ್ ಪಾಯಿಂಟಿನ ಇಲಾಖೆಯ ಕೇಂದ್ರಕ್ಕೂ ಇದೇ ಗತಿ. ಇಂಥವುಗಳನ್ನು ಅಲ್ಲಿ ಹಗಲು ಕೇಂದ್ರಗಳೆಂದು ಕರೆಯುತ್ತಿದ್ದರು.

ಈ ವಿಧಿಯನ್ನು ಮಾಡಿದುದು ಫೆಡರಲ್ ರೇಡಿಯೋ ಕಮಿಷನ್ ಎಂಬ ಕೇಂದ್ರ ಸರ್ಕಾರದ ಮಂಡಲಿ. 1927ರಲ್ಲಿ ಅದು ಏರ್ಪಟ್ಟಾಗ ಅಲೆಗಳ ಮೇಲೆ ಹೇಳಲಾಗದ ಗೊಂದಲವಿದ್ದಿತು. ಯಾರು ಬೇಕಾದರೂ ತಮಗೆ ತೋರಿದ ಅಲೆಯಲ್ಲಿ ತಮಗೆ ತೋರಿದ ಶಕ್ತಿಯಿಂದ ಕೂಗುತ್ತಿದ್ದರು. 1928ರ ನವೆಂಬರಿನಲ್ಲಿ ಕಮಿಷನ್ನಿನವರು ಹೊಸ ಹಂಚಿಕೆಯನ್ನು ಜಾರಿಗೆ ತಂದರು. ಇದ್ದ 96 ಅಲೆಗಳಲ್ಲಿ 40 ಅಲೆಗಳನ್ನು ನಿರಾತಂಕ ಅಲೆಗಳೆಂದು ಪ್ರತ್ಯೇಕಿಸಿ, ರಾತ್ರಿಯಲ್ಲಿ ಅಂತಹ ಒಂದೊಂದರ ಮೇಲೂ ದೇಶಕ್ಕೆಲ್ಲಾ ಒಂದೇ ಕೇಂದ್ರವಿರಬೇಕೆಂದು ನಿಯಮ ಮಾಡಿದರು. ಗೊಂದಲವನ್ನು ಹಿಡಿತಕ್ಕೆ ತಂದುದು ದೊಡ್ಡ ಕೆಲಸವೇ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಈ ನಿರಾತಂಕ ಅಲೆಗಳು ಬಹುಪಾಲು ಹೋದುದು ಯಾರಿಗೆ? ದೊಡ್ಡ ನಗರಗಳಲ್ಲಿ, ಹಣವುಳ್ಳ ಕಂಪೆನಿಗಳವರು ನಡೆಸುತ್ತಿದ್ದ, ಜಾಹಿರಾತಿನಿಂದ ಬದುಕುವ ಕೇಂದ್ರಗಳಿಗೆ. ಕಾಲೇಜುಗಳ ಮತ್ತು ಸರ್ಕಾರಿ ಇಲಾಖೆಗಳ ಕೇಂದ್ರಗಳಿಗೆ ದೊರೆತುದು ಹಗಲಿನ ವೇಳೆ, ಇಲ್ಲವೆ ಬೇರೆಯವರೊಡನೆ ಪಾಲಿನ ವೇಳೆ. ಅನೇಕವು ಮುಂದಿನ ಕೆಲವು ವರ್ಷಗಳಲ್ಲಿ ಮುಚ್ಚಿಯೇ ಹೋದುವು. ವಿಸ್ಕಾನ್ಸಿನ್ನಿನ ಕೇಂದ್ರಗಳು ಉಳಿದುವು. ಅಲ್ಲಿನ ಸರ್ಕಾರವೂ ವಿಶ್ವವಿದ್ಯಾನಿಲಯವೂ ಪಟ್ಟು ಬಿಡದಿದ್ದುದರಿಂದ.

ಹಗಲಿನ ವೇಳೆ ಎಂದರೆ ಏನು ಎಂಬುದನ್ನು ಒಕ್ಕಲುತನದವರ ದೃಷ್ಟಿಯಿಂದ ನೋಡಬೇಕು. ನಮ್ಮ ನಾಡಿನಲ್ಲಿ ವರ್ಷದ ಉದ್ದಕ್ಕೂ ಸೂರ್ಯಾಸ್ತದ ವೇಳೆ ಬಹಳವಾಗಿ ಹೆಚ್ಚುಕಡಿಮೆಯಾಗುವುದಿಲ್ಲ. ಉತ್ತರದ ದೇಶಗಳಲ್ಲಿ ಹಾಗಲ್ಲ. ಮ್ಯಾಡಿಸನ್ನಿನಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಮಧ್ಯಾಹ್ನ ನಾಲ್ಕೂವರೆ ಆಗುವುದಕ್ಕೆ ಮೊದಲೇ ಸೂರ್ಯನು ಮುಳುಗುತ್ತಾನೆ. ಬೆಳಿಗ್ಗೆ ಏಳು ದಾಟಿದ ಮೇಲೆ ಹುಟ್ಟುತ್ತಾನೆ. ಪರವಾನಗಿಯಲ್ಲಿ ಒಂದೊಂದು ತಿಂಗಳಿಗೂ ಉದಯಾಸ್ತಗಳ ಸರಾಸರಿ ವೇಳೆಯನ್ನು ಕಾಲುಗಂಟೆಯ ಲೆಕ್ಕಕ್ಕೆ ಸರಿಪಡಿಸಿ ನಮೂದಿಸಿರುತ್ತಾರೆ, ಅದನ್ನು ಮೀರುವಂತಿಲ್ಲ. ಹೈನಿನ ರೈತನು ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯುತ್ತಾನೆ, ಆಗ ಕೇಂದ್ರವಿಲ್ಲ. ಸಂಜೆ ಪುನಃ ಹಾಲು ಕರೆದು, ದನಗಳಿಗೆ ಮೇವು ಹಾಕಿ, ಊಟ ಮುಗಿಸಿ ಒಲೆಯ ಮುಂದೆ ಕುಳಿತುಕೊಳ್ಳುವ ಹೊತ್ತಿಗೂ ಕೇಂದ್ರವಿಲ್ಲ. ಬೇಸಿಗೆಯಲ್ಲಿ ಹೊತ್ತು ಬಹಳ ದೀರ್ಘವಾಗಿರುವಾಗ ಕೇಂದ್ರವು ಸಂಜೆಯವರೆಗೂ ಮಾತನಾಡಬಹುದು. ಆದರೆ ಆಗ ರೈತನು ಹೊಲದಲ್ಲಿದ್ದಾನೆ. ಹಿಮ ಬಿದ್ದು ಹೊಲದ ಕೆಲಸವೆಲ್ಲ ನಿಂತು, ಓದುವುದಕ್ಕೂ ಕೇಳುವುದಕ್ಕೂ ಬಿಡುವು ದೊರೆಯುವ ಕಾಲದಲ್ಲಿಯೇ ಅವನ ಕೇಂದ್ರವು ಅತ್ಯಂತ ಬೇಗ ಮೌನವಾಗುತ್ತದೆ. ಇದಕ್ಕಿಂತ ವಿಪರೀತವಾದ ವ್ಯವಸ್ಥೆಯನ್ನು ಬೇಕೆಂದು ಆಲೋಚಿಸಿದರೂ ಮಾಡುವುದು ಕಷ್ಟ.

ವಿಶ್ವವಿದ್ಯಾನಿಲಯದವರು ಕೈಲಾದುದನ್ನು ಮಾಡಿದರು. ರೈತರು ಊಟಕ್ಕೆಂದು ಮನೆಗೆ ಬರುವ ಮಧ್ಯಾಹ್ನದ ಹೊತ್ತಿಗೆ ಕೃಷಿ ಕಾರ್ಯಕ್ರಮವನ್ನು ಇಟ್ಟರು. ಹಗಲಿನಲ್ಲಿ ಶಾಲೆಯಲ್ಲಿರುವ ಮಕ್ಕಳಿಗಾಗಿ 1931ರಲ್ಲಿ ಬಾನುಲಿ ಶಾಲೆಯೊಂದನ್ನು ಆರಂಭಿಸಿದರು. ಒಬ್ಬರೇ ಉಪಾಧ್ಯಾಯರಿದ್ದ ಹಳ್ಳಿಯ ಶಾಲೆಗಳಿಗೆ ಸಂಗೀತವನ್ನೂ ಪ್ರಕೃತಿ ಪಾಠವನ್ನೂ ಕಳುಹಿಸಿದರು. ಅದು ಬಹಳ ಹೆಸರು ಪಡೆಯಿತು. ಹಗಲಿಗೆ ಹೊಂದುವ ಕೆಲಸವನ್ನು ಹುಡುಕಿಕೊಂಡರೆಂದು ಇದನ್ನು ಮೆಚ್ಚಬೇಕು. ಆದರೆ ದೊಡ್ಡವರ ಶಿಕ್ಷಣ, ಸಹಕಾರ ಸಂಘಗಳ ವಿಚಾರ, ರಾಜ್ಯದ ಕಾನೂನುಗಳ ಚರ್ಚೆ ಇವಕ್ಕೆ ಮಧ್ಯಾಹ್ನದ ಅರ್ಧ ಗಂಟೆ ಏನು ಸಾಲುತ್ತದೆ?

ಇನ್ನೊಂದು ವಿಷಯ. ಆ ರಾಜ್ಯದ ನಡುಭಾಗದ ಜೌಗು ನೆಲಗಳಲ್ಲಿ ಕ್ರ್ಯಾನ್‌ಬೆರಿ ಎಂಬ ಕೆಂಪು ಹುಳಿಹಣ್ಣಿನ ಬೆಳೆಯುಂಟು. ಆ ತಗ್ಗು ನೆಲಗಳಲ್ಲಿ ಬೇಸಿಗೆಯ ರಾತ್ರಿಗಳಲ್ಲಿಯೂ ಮಂಜುಗಟ್ಟುವ ಚಳಿ ಇಳಿಯುವುದುಂಟು. ಹಾಗೆ ಇಳಿದರೆ ಒಂದೇ ರಾತ್ರಿಯಲ್ಲಿ ಹೂವೂ ಕಾಯಿಯೂ ಹಾಳು. ಹಿಂದೆ ತೋಟಕ್ಕೆ ನೀರು ಕಟ್ಟಿಯೂ ಈಚೆಗೆ ತುಂತುರು ನೀರಾವರಿಯಿಂದಲೂ ಬೆಳೆಯನ್ನು ಉಳಿಸಿಕೊಳ್ಳುತ್ತಾರೆ. ಆದರೆ ಚಳಿ ಬರುವುದೆಂದು ಮುಂದಾಗಿ ತಿಳಿದಿರಬೇಕು. ಸೂರ್ಯಾಸ್ತಕ್ಕೆ ಮೌನವಾಗುವ ಕೇಂದ್ರವು ಮಧ್ಯಾಹ್ನದ ಅಂದಾಜನ್ನು ಹೇಳಬಲ್ಲದೇ ಹೊರತು, ರಾತ್ರಿ ಒಂಬತ್ತಕ್ಕೆ ಗಾಳಿ ತಿರುಗಿದುದನ್ನು ಹೇಳಲಾರದು.

1938ರಲ್ಲಿ ರಾಜ್ಯದವರು ಒಂದು ಧೈರ್ಯದ ಹೆಜ್ಜೆಯನ್ನಿಟ್ಟರು. ಅಷ್ಟು ಹೊತ್ತಿಗೆ ಹಳೆಯ ಮಂಡಲಿಯ ಸ್ಥಾನದಲ್ಲಿ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಎಂಬುದು (1934ರಿಂದ) ಬಂದಿದ್ದಿತು. ನೆರೆಯ ಇಲಿನಾಯ್ ರಾಜ್ಯದ ಶಿಕಾಗೋ ನಗರವೊಂದರಲ್ಲಿಯೇ ನಾಲ್ಕು ನಿರಾತಂಕ ಅಲೆಗಳಿದ್ದುವು. ವಿಸ್ಕಾನ್ಸಿನ್ನಿನ ಇಡೀ ರಾಜ್ಯದಲ್ಲಿ ಒಂದೂ ಇರಲಿಲ್ಲ. ಆದುದರಿಂದ ಶಿಕಾಗೋವಿನ ಡಬ್ಲ್ಯು.ಎಂ.ಎ.ಕ್ಯು. ಕೇಂದ್ರವು ಉಪಯೋಗಿಸುತ್ತಿದ್ದ 670 ಕಿಲೋಸೈಕಲ್ ಅಲೆಯನ್ನು ತಮಗೆ ಕೊಡಿಸಬೇಕೆಂದು ರಾಜ್ಯದವರು ಕಮಿಷನ್ನಿಗೆ ಅರ್ಜಿ ಮಾಡಿದರು. ಆ ಕೇಂದ್ರವು ದೇಶದ ಅತಿ ದೊಡ್ಡ ಬಾನುಲಿ ಕಂಪೆನಿಗಳಲ್ಲಿ ಒಂದಾದ ಎನ್.ಬಿ.ಸಿ.ಯವರದು. ಅರ್ಜಿಯು ಫಲಿಸಲಿಲ್ಲ. ತೂಬಿನ ಬಾಯಲ್ಲಿರುವ ತೋಟದವನನ್ನು ಎಬ್ಬಿಸಿ ಆ ಜಾಗವನ್ನು ಕೊನೆಯ ಗದ್ದೆಯವನಿಗೆ ಕೊಡಿರೆಂದು ಕೇಳಿದಂತಾಯಿತು. ಯಾವ ಅಮಲ್ದಾರರೂ ಅದನ್ನು ಸುಲಭವಾಗಿ ಮಾಡರು.

ಎದುರು ಪಕ್ಷದವರ ಮಾತಿನಲ್ಲಿಯೂ ಹುರುಳಿಲ್ಲದಿರಲಿಲ್ಲ. ಅದನ್ನು ಮರೆಮಾಚುವುದು ನ್ಯಾಯವಲ್ಲ. ದೇಶದ ಭೂಭಾಗದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪ್ರದೇಶಕ್ಕೆ ರಾತ್ರಿಯಲ್ಲಿ ಯಾವ ಹತ್ತಿರದ ಕೇಂದ್ರದ ನೆಲದ ಅಲೆಯೂ ತಲುಪುತ್ತಿರಲಿಲ್ಲ. ಪಟ್ಟಣದಿಂದ ನೂರಾರು ಮೈಲಿ ದೂರದ ಒಂಟಿ ಮನೆಯ ರೈತನಿಗೆ, ಆಕಾಶದಿಂದ ತಿರುಗಿ ಬರುವ ದೊಡ್ಡ ಕೇಂದ್ರದ ಧ್ವನಿಯೇ ಗತಿ. ಸಣ್ಣ ಕೇಂದ್ರಗಳಿಗೆಲ್ಲ ರಾತ್ರಿಯ ಅಧಿಕಾರ ಕೊಟ್ಟರೆ, ಒಂದೊಂದು ಸಣ್ಣ ಕೇಂದ್ರವೂ ತನ್ನ ಊರಿನ ಹತ್ತು ಮೈಲಿಗೆ ಮಾತ್ರ ಕೇಳಿಸಿ, ನೂರಾರು ಮೈಲಿ ದೂರದವರಿಗೆ ಸಿಳ್ಳನ್ನು ಮಾತ್ರ ಕಳುಹಿಸುವುದು. ಇದಲ್ಲದೆ ಶಿಕಾಗೋವಿನ ನಾಲ್ಕು ಅಲೆಗಳಲ್ಲಿ ಒಂದರ ಮೇಲಿದ್ದ ಡಬ್ಲ್ಯು.ಎಲ್.ಎಸ್. ಎಂಬ ಕೇಂದ್ರವು 1928ರಿಂದ 'ಪ್ರೇರಿ ಫಾರ್ಮರ್' ಎಂಬ ರೈತಪತ್ರಿಕೆಯವರದು. ಧಾರಣೆ, ಹವಾಮಾನ, ಬೇಸಾಯದ ಬುದ್ಧಿವಾದ, ಶನಿವಾರ ರಾತ್ರಿ ಹಳ್ಳಿಗಾಡಿನ ಹಾಡು ಕುಣಿತ ಇವೆಲ್ಲವನ್ನೂ ಅದು ಕೊಡುತ್ತಿತ್ತು. ವಿಸ್ಕಾನ್ಸಿನ್ನಿನ ರೈತರೂ ಅದನ್ನು ಪ್ರೀತಿಯಿಂದ ಕೇಳುತ್ತಿದ್ದರು. ರೈತನಿಗೆ ರಾತ್ರಿ ಸೇವೆ ಸಲ್ಲುತ್ತಲೇ ಇರುವಾಗ ಇನ್ನೊಬ್ಬರಿಗೆ ಅಲೆಯನ್ನು ಏಕೆ ಕೊಡಬೇಕು ಎಂಬುದು ಆ ಪಕ್ಷದ ವಾದ.

ಈ ವಾದವು ಕೇಳುವುದಕ್ಕೆ ಸೊಗಸಾಗಿಯೇ ಇದೆ. ಮುಂದೆ ಏನಾಯಿತೆಂಬುದನ್ನು ನೋಡಬೇಕು. 1959-60ರಲ್ಲಿ ಆ ರೈತಪತ್ರಿಕೆಯ ಕೈಯಿಂದ ಡಬ್ಲ್ಯು.ಎಲ್.ಎಸ್. ಕೇಂದ್ರವು ಎ.ಬಿ.ಸಿ. ಎಂಬ ದೊಡ್ಡ ಕಂಪೆನಿಯ ಕೈಗೆ ಪೂರ್ಣವಾಗಿ ಹೋಯಿತು. 1960ರ ಮೇ ತಿಂಗಳಿನಲ್ಲಿ ಅದು ತನ್ನ ಹಳೆಯ ಕಾರ್ಯಕ್ರಮಗಳನ್ನು ಬದಿಗೆ ಸರಿಸಿ, ಪಟ್ಟಣದ ತರುಣರಿಗೆ ಪ್ರಿಯವಾದ ರಾಕ್ ಸಂಗೀತಕ್ಕೆ ತಿರುಗಿತು. ಸಂಗೀತದ ಮೇಲೆ ನನಗೆ ದ್ವೇಷವಿಲ್ಲ; ತರುಣರಿಗೂ ಅಲೆಯಲ್ಲಿ ಪಾಲುಂಟು. ಆದರೆ ರೈತನ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ರಾತ್ರಿಯು ರೈತನಿಗೆ ಸಲ್ಲದೆ ಹೋದ ಮೇಲೂ ಆ ಅಲೆಯು ಅದೇ ಕೇಂದ್ರದಲ್ಲಿಯೇ ಉಳಿಯಿತು. ಇನಾಮು ಕೊಟ್ಟುದು ಅರವಟ್ಟಿಗೆಯನ್ನು ನಡೆಸುವುದಕ್ಕೆಂದು. ಅರವಟ್ಟಿಗೆ ನಿಂತ ಮೇಲೂ ಜಮೀನು ಮಾತ್ರ ಇನಾಮುದಾರನ ಖಾತೆಯಲ್ಲಿಯೇ ಇದ್ದಂತೆ. ಅಲ್ಲಿನ ಪರವಾನಗಿಗಳನ್ನು ಆಗ ಮೂರು ವರ್ಷಗಳಿಗೊಮ್ಮೆ ನವೀಕರಿಸುತ್ತಿದ್ದರು. ಯಾವ ಸೇವೆಗಾಗಿ ಹಕ್ಕು ಕೊಡಲ್ಪಟ್ಟಿತೋ ಆ ಸೇವೆಯನ್ನು ಷರತ್ತಾಗಿ ಬರೆದಿಟ್ಟು, ನವೀಕರಣದ ಕಾಲದಲ್ಲಿ ಅದನ್ನೇ ಮೊದಲು ಪರಿಶೀಲಿಸಬೇಕಾಗಿದ್ದಿತೆಂದು ನನ್ನ ಅಭಿಪ್ರಾಯ. ಕಮಿಷನ್ನಿನ ಎಂಜಿನಿಯರುಗಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಯಾರ ಧ್ವನಿ ಎಷ್ಟು ದೂರ ಹೋಗುವುದೆಂದು ಅವರು ಚೆನ್ನಾಗಿ ಅಳೆದರು. ಆ ಧ್ವನಿಯು ಏನನ್ನು ಹೇಳುವುದು ಮತ್ತು ಹತ್ತು ವರ್ಷಗಳ ಮೇಲೂ ಅದನ್ನೇ ಹೇಳುವುದೇ ಎಂಬುದನ್ನು ಅಳೆಯುವ ಕೋಲು ಅವರ ಕೈಯಲ್ಲಿರಲಿಲ್ಲ.

ನಿರಾತಂಕ ಅಲೆಗಳ ಪ್ರಶ್ನೆಯನ್ನೇ ಕೂಲಂಕಷವಾಗಿ ವಿಚಾರಿಸುವುದಾಗಿ ಕಮಿಷನ್ನಿನವರು 1945ರಲ್ಲಿ ಒಂದು ವಿಚಾರಣೆಯನ್ನು ತೆರೆದರು. ಅದರ ತೀರ್ಮಾನವು ಹೊರಬಿದ್ದುದು 1961ರಲ್ಲಿ. ಹದಿನಾರು ವರ್ಷ! ಸಿವಿಲ್ ಕೋರ್ಟಿನ ಗಡಿ ವ್ಯಾಜ್ಯಗಳನ್ನು ಕಂಡ ನಮ್ಮ ಹಿಡುವಳಿದಾರರು ಇದಕ್ಕೆ ಬೆರಗಾಗಲಾರರು. ಅಷ್ಟರಲ್ಲಿ ಪೂರ್ಣ ನಿರಾತಂಕ ಅಲೆಗಳು 25 ಉಳಿದಿದ್ದುವು. ಅವುಗಳಲ್ಲಿ 13ರ ಮೇಲೆ ರಾತ್ರಿಯಲ್ಲಿ ದೂರದ ಪ್ರದೇಶಗಳಲ್ಲಿ ಇನ್ನೊಂದೊಂದು ಕೇಂದ್ರಕ್ಕೆ ಅವಕಾಶ ಕೊಡಬಹುದೆಂದು ತೀರ್ಮಾನವಾಯಿತು. ವಿಸ್ಕಾನ್ಸಿನ್ನಿನವರು ಕೇಳಿದ್ದ 670ರ ಅಲೆಯ ಮೇಲೆ ಹಾಗೆ ಅವಕಾಶ ದೊರೆತುದು ಐಡಹೊ ರಾಜ್ಯದ ಬಾಯ್ಸಿ ಎಂಬ ಊರಿಗೆ. ನೆರೆಯವರಿಗೆ ಅದರಿಂದ ಉಪಯೋಗವಾಗಲಿಲ್ಲ, ಆಗುವಂತೆಯೂ ಇರಲಿಲ್ಲ. 120 ಮೈಲಿ ದೂರದ ಎರಡು ಊರುಗಳು ಒಂದೇ ಅಲೆಯಲ್ಲಿ ರಾತ್ರಿ ಮಾತನಾಡುವುದು ಸಾಧ್ಯವಿಲ್ಲ.

ದೇಶದ ಇತರ ಕಡೆಗಳಲ್ಲಿದ್ದ ಹಗಲು ಕೇಂದ್ರಗಳವರು 1950ರ ದಶಕದಲ್ಲಿ ಒಂದು ಸಂಘವಾಗಿ ಕೂಡಿ, ಋತು ಯಾವುದಾದರೂ ಬೆಳಗಿನ ಐದರಿಂದ ಸಂಜೆಯ ಏಳರವರೆಗೆ ತಮಗೆ ನಿಶ್ಚಿತವಾದ ವೇಳೆಯನ್ನು ಕೊಡಬೇಕೆಂದು ಬೇಡಿದರು. ಕಮಿಷನ್ನಿನವರು ಒಪ್ಪಲಿಲ್ಲ. 1967ರಲ್ಲಿ ಬೆಳಗಿನ ಆರು ಗಂಟೆಯಿಂದ, 500 ವಾಟುಗಳನ್ನು ಮೀರದಂತೆ, ಸೂರ್ಯೋದಯಕ್ಕೆ ಮುಂಚೆ ನಡೆಸುವ ಅನುಮತಿಯು ಅನೇಕರಿಗೆ ದೊರೆಯಿತು. 1980ರ ದಶಕದಲ್ಲಿ ಸೂರ್ಯಾಸ್ತದ ಮೇಲೆಯೂ ಸ್ವಲ್ಪ ಕಾಲ ಅಲ್ಪ ಶಕ್ತಿಯಿಂದ ನಡೆಸುವ ಅನುಮತಿ ಬಂದಿತು. 2009ರಲ್ಲಿ, ಹಗಲು ಕೇಂದ್ರಗಳವರು ತಮ್ಮ ಕಾರ್ಯಕ್ರಮವನ್ನು ಎಫ್.ಎಂ.ನ ಸಣ್ಣ ಮರುಪ್ರಸಾರ ಯಂತ್ರಗಳ ಮೂಲಕ ರಾತ್ರಿಯೂ ಕೊಡಬಹುದೆಂದಾಯಿತು. ಮ್ಯಾಡಿಸನ್ನಿನ ಹಳೆಯ ಕೇಂದ್ರಕ್ಕೂ ಕಡೆಗೆ ರಾತ್ರಿಯ ಅಧಿಕಾರವು ದೊರೆಯದೆ ಇರಲಿಲ್ಲ. ಹಗಲಿನಲ್ಲಿ ಅದಕ್ಕೆ 5,000 ವಾಟು. ರಾತ್ರಿಗೆ ದೊರೆತುದು 51 ವಾಟು. ಒಂದು ಸಾಧಾರಣ ವಿದ್ಯುದ್ದೀಪವನ್ನು ಉರಿಸುವಷ್ಟು ಶಕ್ತಿ.

ಆದರೆ ಅದು ದೊರೆಯುವುದಕ್ಕೆ ಎಷ್ಟೋ ಮೊದಲೇ ಅಲ್ಲಿನವರು ಬೇರೊಂದು ದಾರಿಯನ್ನು ಹಿಡಿದಿದ್ದರು. ಈ ವೃತ್ತಾಂತದಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದ ಭಾಗವು ಇದೇ. ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂಬ ಶಾಸ್ತ್ರಜ್ಞರು 1930ರ ದಶಕದಲ್ಲಿ ಎಫ್.ಎಂ. ಎಂಬ ಪದ್ಧತಿಯನ್ನು ಬಳಕೆಗೆ ತಂದಿದ್ದರು. ಅದರ ಅಲೆಗಳು ಬಹಳ ಗಿಡ್ಡವಾದುವು. ಆಕಾಶದ ಪದರಗಳು ಅವನ್ನು ಸಾಮಾನ್ಯವಾಗಿ ತಿರುಗಿಸುವುದಿಲ್ಲ. ಆದುದರಿಂದ ಹಗಲು ಎಷ್ಟು ದೂರವೋ ರಾತ್ರಿಯೂ ಅಷ್ಟೇ ದೂರ. ಸೂರ್ಯಾಸ್ತಕ್ಕೆ ಬಾಯಿ ಮುಚ್ಚುವ ಪ್ರಮೇಯವಿಲ್ಲ. ದೊಡ್ಡ ಕಂಪೆನಿಗಳಿಗೆ ಆಗ ಅದರಲ್ಲಿ ಅಷ್ಟು ಆಸಕ್ತಿಯಿರಲಿಲ್ಲವಾದ್ದರಿಂದ ಅಲೆಗಳು ಖಾಲಿಯಾಗಿದ್ದುವು. ವಿಸ್ಕಾನ್ಸಿನ್ ರಾಜ್ಯದ ಶಾಸನಸಭೆಯು 1945ರಲ್ಲಿ ರೇಡಿಯೋ ಮಂಡಲಿಯೊಂದನ್ನು ಸ್ಥಾಪಿಸಿತು. 1947ರಲ್ಲಿ ಮ್ಯಾಡಿಸನ್ನಿನಲ್ಲಿ ಮೊದಲನೆಯ ಎಫ್.ಎಂ. ಕೇಂದ್ರವು ನಡೆಯತೊಡಗಿತು, ಮರುವರ್ಷ ಡೆಲಫೀಲ್ಡ್ ಎಂಬ ಊರಿನಲ್ಲಿ ಎರಡನೆಯದು. 1952ರ ಹೊತ್ತಿಗೆ ಒಟ್ಟು ಎಂಟು ಕೇಂದ್ರಗಳು ರಾಜ್ಯದ ಮೂಲೆಮೂಲೆಗಳಿಗೂ ಹರಡಿದುವು. ಒಂದು ಕೇಂದ್ರದಿಂದ ಇನ್ನೊಂದಕ್ಕೆ ತಂತಿಯ ಬಾಡಿಗೆಯನ್ನು ಕೊಡಬೇಕಾಗಲಿಲ್ಲ. ಗುಡ್ಡದ ಮೇಲಿನ ಒಂದು ಕೇಂದ್ರದ ಧ್ವನಿಯನ್ನು ಮುಂದಿನ ಗುಡ್ಡದವರು ಹಿಡಿದು, ಅವರು ಅದರ ಮುಂದಿನವರಿಗೆ ದಾಟಿಸುವರು. ಒಂದೊಂದು ಕೇಂದ್ರದಲ್ಲಿಯೂ ಇರುವ ನೌಕರರು ಸರದಿಯ ಮೇಲೆ ತಮ್ಮ ತಮ್ಮ ಸೀಮೆಯ ಹವಾಮಾನವನ್ನು ಹೇಳುವರು; ರಾಜ್ಯದ ಉತ್ತರದ ತುದಿಯಲ್ಲಿ ಮಳೆ ಬೀಳುವುದು ದಕ್ಷಿಣದವನಿಗೆ ಕೂಡಲೇ ತಿಳಿಯುವುದು.

ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. 1947ರಲ್ಲಿ ಎಫ್.ಎಂ. ಹಿಡಿಯುವ ಪೆಟ್ಟಿಗೆಯು ಎಷ್ಟು ರೈತರ ಮನೆಯಲ್ಲಿದ್ದಿತು? ಹಳೆಯ ಪೆಟ್ಟಿಗೆಯಲ್ಲಿ ಹೊಸ ಅಲೆ ಬರುವುದಿಲ್ಲ. ರಾತ್ರಿಯ ಸೇವೆ ಬೇಕೆಂದವನು ಹೊಸ ಪೆಟ್ಟಿಗೆಗೆ ಹಣವನ್ನು ತೆರಬೇಕಾಯಿತು; ತೆರಲಾರದವನು ಅಂಥ ಪೆಟ್ಟಿಗೆಯು ಅಗ್ಗವಾಗುವವರೆಗೆ ಕಾಯಬೇಕಾಯಿತು. ಹಂಚಿಕೆಯಲ್ಲಿ ಆದ ಲೋಪದ ದಂಡವು ಕಡೆಗೆ ಬಿದ್ದುದು ಕೇಳುವವನ ಮೇಲೆ.

ಇದೆಲ್ಲವೂ ಸಾವಿರಾರು ಮೈಲಿ ದೂರದ ಮಾತಾಯಿತು. ನಮಗೇನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವುಂಟು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದಾಗ ಅವರ ಯಂತ್ರದ ಶಕ್ತಿ 30 ವಾಟು. ಆಕಾಶವಾಣಿ ಎಂಬ ಹೆಸರು ಅಲ್ಲಿಂದ ಬಂದುದು. ಆಮೇಲೆ ನಮ್ಮ ದೇಶದಲ್ಲಿ ಬಾನುಲಿಯು ಬಹುಕಾಲ ಸರ್ಕಾರದ ಕೈಯಲ್ಲಿಯೇ ಇದ್ದುದರಿಂದ, ಹಗಲು ಕೇಂದ್ರ ರಾತ್ರಿ ಕೇಂದ್ರ ಎಂಬ ಭೇದವು ಇಲ್ಲಿ ಹುಟ್ಟಲಿಲ್ಲ. ರೈತರ ಕಾರ್ಯಕ್ರಮವನ್ನು ಸಂಜೆಗೆ ಇಡುವುದಕ್ಕೆ ಯಾವ ಕಮಿಷನ್ನಿನ ಅಡ್ಡಿಯೂ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಜಗಲಿಯ ಮೇಲೆ ಕುಳಿತು ಕೃಷಿರಂಗವನ್ನು ಕೇಳಿದ ಒಂದು ತಲೆಮಾರೇ ನಮ್ಮಲ್ಲುಂಟು. ವಿಸ್ಕಾನ್ಸಿನ್ನಿನವರು ಅಷ್ಟು ವರ್ಷ ಬೇಡಿದುದು ನಮಗೆ ಬೇಡದೆಯೇ ದೊರೆತಿದ್ದಿತು.

ಈಗ ಆ ಮಧ್ಯಮ ತರಂಗವೇ ಹಿಂದೆ ಸರಿಯುತ್ತಿದೆ. ದೇಶದ ಅನೇಕ ಕಡೆ ಹಳೆಯ ಪ್ರೇಷಕಗಳನ್ನು ಈಚಿನ ವರ್ಷಗಳಲ್ಲಿ ನಿಲ್ಲಿಸಿ, ಎಫ್.ಎಂ. ಪ್ರೇಷಕಗಳನ್ನು ಸ್ಥಾಪಿಸಲಾಗಿದೆ. ಬಯಲುಸೀಮೆಗೆ ಇದು ಹೊಂದಬಹುದು. ಆದರೆ ಮಲೆನಾಡಿನ ಕಣಿವೆಗಳಲ್ಲಿ ಎಫ್.ಎಂ. ಅಲೆಯನ್ನು ಒಂದು ಗುಡ್ಡವೇ ತಡೆದುಬಿಡುತ್ತದೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ತೋಟಗಾರನು, ನಾಳೆ ಹೊಳವಾಗುವುದೇ ಇಲ್ಲವೇ ಎಂಬುದನ್ನು ಇಂದು ಸಂಜೆಯೇ ತಿಳಿಯಬೇಕು. ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿದ ದ್ರಾವಣವನ್ನು ಅದೇ ದಿನ ಉಪಯೋಗಿಸಬೇಕು. ಮರ ಹತ್ತುವ ಆಳನ್ನು ರಾತ್ರಿಯೇ ಗೊತ್ತುಮಾಡಬೇಕು. ಕೈಯಲ್ಲಿ ಮೊಬೈಲ್ ಇರುವಾಗ ರೇಡಿಯೋ ಏಕೆ ಎನ್ನುವವರಿದ್ದಾರೆ. ಗಾಳಿಮಳೆಗೆ ಕರೆಂಟು ಹೋಗಿ ಎರಡು ದಿನವಾದ ಮೇಲೆ ಆ ಮೊಬೈಲಿನ ಗೋಪುರವು ಏನು ಮಾಡುತ್ತದೆಂಬುದನ್ನು ಮಲೆನಾಡಿನವರನ್ನೇ ಕೇಳಬೇಕು. ಸಂಚಾರದಲ್ಲಿ ನಾನು ಕಂಡಂತೆ, ಅಂಥ ದಿನಗಳಲ್ಲಿ ಎರಡು ಬ್ಯಾಟರಿ ಶೆಲ್ಲಿನ ಪೆಟ್ಟಿಗೆಯೇ ಮನೆಯವರ ಕಿವಿ.

ಅಲೆಗಳು ಸಾರ್ವಜನಿಕರ ಸ್ವತ್ತೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪು ಕೊಟ್ಟಿದೆ. ಆದರೂ ಕೋಲಾರ ಜಿಲ್ಲೆಯ ಬೂದಿಕೋಟೆಯ ಗ್ರಾಮಸ್ಥರು 2003ರಲ್ಲಿ 'ನಮ್ಮ ಧ್ವನಿ'ಯನ್ನು ಆರಂಭಿಸಿದಾಗ, ಹಳ್ಳಿಯವರಿಗೆ ಅಲೆಯ ಪರವಾನಗಿ ದೊರೆಯುತ್ತಿರಲಿಲ್ಲವಾಗಿ ತಂತಿಯ ಮೂಲಕವೇ ಮನೆಗಳಿಗೆ ಧ್ವನಿಯನ್ನು ಮುಟ್ಟಿಸಬೇಕಾಯಿತು. 2006ರ ಕೊನೆಗೆ ಸರ್ಕಾರವು ನಿಯಮಗಳನ್ನು ಸಡಿಲಿಸಿ, ಸೇವಾಸಂಸ್ಥೆಗಳಿಗೂ ಕೃಷಿ ವಿಶ್ವವಿದ್ಯಾನಿಲಯಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ 100 ವಾಟುಗಳ ಮಿತಿಯಲ್ಲಿ ಸಮುದಾಯ ಬಾನುಲಿಗೆ ದಾರಿ ಮಾಡಿಕೊಟ್ಟಿತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿಯೇ ತನ್ನ ಕೇಂದ್ರವನ್ನು ತೆರೆಯಿತು. ಇಂಥ ಕೇಂದ್ರಗಳಿಗೆ ಇರುವ ಸಂಕಟವು ವಿಸ್ಕಾನ್ಸಿನ್ನಿನದಕ್ಕೆ ತದ್ವಿರುದ್ಧ. ರಾತ್ರಿಯಲ್ಲಿ ನಡೆಸಬಾರದೆಂದು ಇವಕ್ಕೆ ಯಾರೂ ಹೇಳಿಲ್ಲ. ಆದರೆ ಕಚೇರಿಯ ವೇಳೆ ಮುಗಿದು ಸಿಬ್ಬಂದಿ ಮನೆಗೆ ಹೋದರೆ ಅಧಿಕಾರವಿದ್ದೂ ಮೌನವೇ. ಸಂಜೆಯ ಎರಡು ಗಂಟೆಯ ಕಾರ್ಯಕ್ರಮಕ್ಕೆ ಒಬ್ಬ ನೌಕರನ ಸಂಬಳವನ್ನು ಒದಗಿಸುವುದು ಅಸಾಧ್ಯವಾದ ಮಾತಲ್ಲವೆಂದು ನನಗೆ ತೋರುತ್ತದೆ.

ಗ್ರಾಮದ ಮುಖಂಡರಲ್ಲಿ ನನ್ನ ಅರಿಕೆ ಇಷ್ಟೆ. ಮಳೆಗಾಲವು ಹಿಡಿಯುವುದಕ್ಕೆ ಮುಂಚೆ, ತಮ್ಮ ಊರಿನಲ್ಲಿ ಸಂಜೆ ಆರರಿಂದ ಎಂಟರೊಳಗೆ ಯಾವ ಕೇಂದ್ರದ ಕೃಷಿ ಕಾರ್ಯಕ್ರಮವು ಕೇಳುತ್ತದೆ, ಯಾವ ಕೇರಿಯಲ್ಲಿ, ಯಾವ ಕಣಿವೆಯಲ್ಲಿ ಕೇಳುವುದಿಲ್ಲ, ಮಧ್ಯಮ ತರಂಗದಲ್ಲಿ ಮೊದಲು ಕೇಳುತ್ತಿದ್ದುದು ಯಾವ ವರ್ಷದಿಂದ ನಿಂತುಹೋಯಿತು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು, ಗ್ರಾಮಸಭೆಯಲ್ಲಿ ಓದಿ, ಅದರ ಒಂದು ನಕಲನ್ನು ರೈತ ಸಂಪರ್ಕ ಕೇಂದ್ರಕ್ಕೂ ಇನ್ನೊಂದನ್ನು ಹತ್ತಿರದ ಆಕಾಶವಾಣಿ ಕೇಂದ್ರದ ಮುಖ್ಯಸ್ಥರಿಗೂ ಕಳುಹಿಸಿಕೊಡಬೇಕು. ಬರೆಯುವಾಗ ಹಗಲಿನ ಲೆಕ್ಕವನ್ನೂ ರಾತ್ರಿಯ ಲೆಕ್ಕವನ್ನೂ ಬೇರೆ ಬೇರೆಯಾಗಿ ನಮೂದಿಸುವುದನ್ನು ಮರೆಯಬಾರದು.